ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಮೊಬೈಲ್ ಒಳಗಿಡಿ

ನೆರೆಮನೆಯ ಹುಡುಗ ತನ್ನ ತಾಯಿಯನ್ನು ನಗರದ ದೊಡ್ಡ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಕರೆದೊಯ್ಯುವಾಗ, ಆಸ್ಪತ್ರೆಗಳ ಒಳಹೊರಗೆಲ್ಲ ನನಗೆ ಗೊತ್ತೆಂಬ ನಂಬಿಕೆಯಿಂದ ನನ್ನನ್ನೂ ಜೊತೆಗೆ ಕರೆದ. ನಿನ್ನೆ ಹೋಗಿದ್ದೆ. ಬಾಗಿಲಿನ ಎಡಕ್ಕೆ ‘ನೋಂದಣಿಗಾಗಿ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಫಲಕವಿತ್ತು, ಬಲಕ್ಕೆ ‘ಒಳಗೆ ಮೊಬೈಲ್ ಬಳಸುವಂತಿಲ್ಲ’ ಎಂಬ ಫಲಕವಿತ್ತು.

ಹುಡುಗನ ಮೊಬೈಲಿನಲ್ಲಿದ್ದದ್ದು ತಾಯಿಗೆ ಫಿಟ್ಸ್, ಅಂದರೆ ಸೆಳವು, ಬಂದಾಗ ತೆಗೆದ 40 ಸೆಕೆಂಡುಗಳ ವಿಡಿಯೊ. ಬೆಳ್ಳುಳ್ಳಿ ಸುಲಿಯುತ್ತ ಕುಳಿತ ಹೆಂಗಸು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ; ಕಣ್ಣು ತೆರೆದೇ ಇದೆ, ಬಾಯಿ ಇಲ್ಲದ್ದನ್ನು ಚಪ್ಪರಿಸುತ್ತಿದೆ, ಬಲಗೈ ಸೆರಗನ್ನು ತಡಕಾಡುತ್ತಿದ್ದರೆ ಎಡಗೈ ತಿರುಚಿಕೊಂಡು ಸೆಟೆದು ನಿಂತಿದೆ. ಹೀಗೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಬಲ ಮೆದುಳಿನಲ್ಲಿ ಕಿವಿಯ ಪಕ್ಕಕ್ಕಿರುವ ಟೆಂಪೊರಲ್ ಭಾಗವನ್ನು ಎಂಬುದು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಿದ್ದ ನನ್ನಂಥ ಇಇಜಿ ತಂತ್ರಜ್ಞನಿಗೂ ಗೊತ್ತು. ವೈದ್ಯರು ಹೊಸ ಟ್ಯಾಬ್ಲೆಟ್ಟಿನಿಂದ ತಲೆ ಎತ್ತದೆಯೇ ‘ಮೊಬೈಲ್ ಒಳಗಿಡಿ’ ಎಂದರು. ಬಳಿಕ, ‘ಪ್ರಜ್ಞೆ ತಪ್ಪುತ್ತದೆಯೇ? ಹೌದೋ, ಇಲ್ಲವೋ?’ ಎಂದರು. ಕಣ್ಣು ಬಿಟ್ಟುಕೊಂಡೇ ಎಲ್ಲಿಗೋ ಹೋಗಿ ಬರುವವಳಿಗೆ ಆ ಟ್ಯಾಬ್ಲೆಟ್ಟಿನ ಪಟ್ಟಿಯಲ್ಲಿ ಗುರುತು ಹಾಕುವ ಚೌಕವಿರಲಿಲ್ಲ.

ನಾನು ಯಂತ್ರದ್ವೇಷಿಯಲ್ಲವೆಂದು ನಿಮಗೆಲ್ಲ ಗೊತ್ತಿದೆ. ಸೆಕೆಂಡಿಗೆ 30 ಮಿಲಿಮೀಟರಿನಂತೆ ಓಡುವ ಕಾಗದದ ಮೇಲೆ ಶಾಯಿಯ ಪೆನ್ನುಗಳು ಗೀಚುತ್ತಿದ್ದ ಕಾಲದಿಂದ ನಿವೃತ್ತಿಯವರೆಗೆ 32 ವರ್ಷ ಇಇಜಿ ತೆಗೆದವನು ನಾನು. 20 ನಿಮಿಷದ ದಾಖಲೆಗೆ 120 ಪುಟ, ಅದನ್ನಿಡಲು ಕಪಾಟು, ಕಪಾಟಿಗೆ ಇಲಿ. ಆಗ ತಲೆಗೆ ಅಂಟಿಸಿದ ಯಾವ ಎಲೆಕ್ಟ್ರೋಡನ್ನು ಯಾವುದರೊಡನೆ ಹೋಲಿಸಬೇಕೆಂದು ಮೊದಲೇ ತೀರ್ಮಾನಿಸಬೇಕಿತ್ತು, ತೀರ್ಮಾನ ತಪ್ಪಿದರೆ ರೋಗಿಯನ್ನು ಮತ್ತೆ ಕರೆಸಬೇಕಿತ್ತು. ಡಿಜಿಟಲ್ ಯಂತ್ರ ಬಂದ ಮೇಲೆ ಅದೇ ದಾಖಲೆಯನ್ನು ಬೇಕಾದ ಹಾಗೆ ಮರುಜೋಡಿಸಿ ನೋಡಬಹುದಾಯಿತು, ಮತ್ತು ಅದು ಬಂದ ದಿನ ನಾನು ಸಿಹಿ ಹಂಚಿದ್ದೆ. (ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರಬೇಡಿರೆಂದು ಹೇಳುವ ಕೆಲಸವನ್ನು ಮಾತ್ರ ಯಾವ ಯಂತ್ರವೂ ನನ್ನಿಂದ ಕಿತ್ತುಕೊಳ್ಳಲಿಲ್ಲ.) ಆದರೆ ಎರಡು ಸೆಳವುಗಳ ನಡುವಿನ ದಿನದಲ್ಲಿ ತೆಗೆದ ಇಇಜಿ ಎಷ್ಟೋ ಸಲ ಪೂರ್ತಿ ಸರಿಯಾಗಿಯೇ ಇರುತ್ತದೆ. ಸೆಳವು ನಮ್ಮ ಅಪಾಯಿಂಟ್‌ಮೆಂಟ್ ನೋಡಿಕೊಂಡು ಬರುವುದಿಲ್ಲ. ಅದು ಬಂದಾಗ ಅಲ್ಲಿದ್ದದ್ದು ಆ ಹುಡುಗ ಮತ್ತು ಅವನ ಮೊಬೈಲ್.

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ವಿದ್ಯಾರ್ಥಿಗಳಿಗಾಗಿ ಹೊಸ ಪ್ರಯೋಗಾಲಯ ತೆರೆದಿದ್ದಾರೆ. ಕನ್ನಡಕ ಧರಿಸಿದರೆ ಮೂರು ಆಯಾಮದ ಮೆದುಳು ಗಾಳಿಯಲ್ಲಿ ತೇಲುತ್ತದೆ, ಬೆರಳಾಡಿಸಿದರೆ ಬಿಚ್ಚಿಕೊಳ್ಳುತ್ತದೆ. ಚೆಂದವೇ ಇದೆ, ಅಂಗರಚನೆ ಕಲಿಯಲು ಉಪಯೋಗವೂ ಇದೆ. ಆದರೆ ಆ ತೇಲುವ ಮೆದುಳಿಗೆ ಎಡಗೈ ಇಲ್ಲ, ಸೆರಗಿಲ್ಲ. ಸೆಳವು ಎಲ್ಲಿಂದ ಹೊರಟಿತೆಂದು ಓದುವ ವಿದ್ಯೆ ಕಣ್ಣಿನಿಂದ ಬರುವಂಥದು. ಸೆಳವನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆಯೂ ನೋಡದೆ ವೈದ್ಯರಾಗಿ ಹೊರಬಿದ್ದವರನ್ನು ನಾನೇ ಬಲ್ಲೆ. ಅವರಿಗೆ ಪಾಠವಾಗಬೇಕಿದ್ದ 40 ಸೆಕೆಂಡುಗಳು ಕೆಳಗಿನ ಮಹಡಿಯಲ್ಲಿ ಅಂಗಿಯ ಜೇಬಿಗೆ ಮರಳಿದವು.

ರೋಗಿಯ ಖಾಸಗಿತನದ ಗತಿಯೇನೆಂದು ಕೇಳುವಿರಿ. ಒಪ್ಪುತ್ತೇನೆ, ಬಟ್ಟೆ ಅಸ್ತವ್ಯಸ್ತವಾದ ಹೆಂಗಸಿನ ವಿಡಿಯೊ ವಾಟ್ಸ್ಆ್ಯಪ್ ಗುಂಪಿಗೆ ಬೀಳಬಾರದು. ಅದಕ್ಕೆ ಒಪ್ಪಿಗೆ ಪತ್ರವಿದೆ, ಆಸ್ಪತ್ರೆಯ ಸರ್ವರ್ ಇದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೇ ದೂರದಿಂದ ವಿಡಿಯೊ ಮೂಲಕ ರೋಗಿಯನ್ನು ನೋಡಲು ವೈದ್ಯರಿಗೆ ಅವಕಾಶ ಕೊಟ್ಟಿರುವಾಗ, ಎದುರಿಗೆ ಕುಳಿತ ಮಗ ತಾಯಿಯ ಮುಂದೆಯೇ ಚಾಚಿದ ಮೊಬೈಲಿನತ್ತ ಕಣ್ಣು ಹಾಯಿಸಲು ಯಾವ ಖಾಸಗಿತನ ಅಡ್ಡಬಂತೋ ತಿಳಿಯದು.

ಇಷ್ಟು ಸಿಟ್ಟೇಕೆಂದರೆ, ನನ್ನ ಹೆಂಡತಿಗೆ ಮೊದಲ ಸಲ ಫಿಟ್ಸ್ ಬಂದ ರಾತ್ರಿ ನಾನು ವಿಡಿಯೊ ತೆಗೆಯಲಿಲ್ಲ. ಸಾವಿರಾರು ಜನರಿಗೆ ‘ಮಗ್ಗುಲಾಗಿ ಮಲಗಿಸಿ, ಕೈಗೆ ಏನನ್ನೂ ಕೊಡಬೇಡಿ, ಗಡಿಯಾರ ನೋಡಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ’ ಎಂದು ಹೇಳಿದ್ದವನು ಗೋದ್ರೆಜ್ ಬೀರುವಿನ ಬೀಗದ ಕೈ ತಂದು ಅವಳ ಮುಷ್ಟಿಯಲ್ಲಿ ತುರುಕಿದೆ. ಮರುದಿನ ವೈದ್ಯರು ‘ಮೊದಲು ಯಾವ ಕೈ ಸೆಟೆಯಿತು’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಹುಡುಗನಲ್ಲಿ ಉತ್ತರವಿತ್ತು, ಕೇಳುವವರಿರಲಿಲ್ಲ.

ಹೊರಬಂದ ಮೇಲೆ ಅವನು ಮೊಬೈಲಿನ ಮೆಮೊರಿ ತುಂಬಿದೆಯೆಂದೂ, ಬೇಡವಾದರೆ ಈ ವಿಡಿಯೊ ಅಳಿಸುವೆನೆಂದೂ ಅಂದ. ನಾನು ಕಳಿಸಿದ ಶುಭೋದಯದ ಚಿತ್ರಗಳನ್ನೆಲ್ಲ ಮೊದಲು ಅಳಿಸು ಎಂದೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ. ಆಗ ಮೊಬೈಲ್ ನನ್ನ ಕೈಯಲ್ಲಿರುತ್ತದೆ.