ಟಿಎಸ್‌ಎಚ್ ಏರಿದ ಮಾತ್ರಕ್ಕೆ ಮಾತ್ರೆ ಏರಿಸಬೇಕೆ?

ಬೆಂಗಳೂರಿನಲ್ಲಿ ಈಗ ರಕ್ತಪರೀಕ್ಷೆಗೆ ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ. ಬೆಳಿಗ್ಗೆ ಆರೂವರೆಗೆ ಹುಡುಗನೊಬ್ಬ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ, ಸಂಜೆಯೊಳಗೆ ವರದಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಟಿಎಸ್‌ಎಚ್ ಎಂಬ ಸಾಲಿನಲ್ಲಿ ಅಂಕಿ ದಪ್ಪಕ್ಷರದಲ್ಲಿ ಕಂಡರೆ ಮರುದಿನದಿಂದಲೇ ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾಗುತ್ತದೆ. ಕೆಲವು ಸಲ ವೈದ್ಯರು ಫೋನಿನಲ್ಲೇ ಬದಲಿಸುತ್ತಾರೆ, ಕೆಲವು ಸಲ ಮನೆಯವರೇ ಬದಲಿಸಿಕೊಳ್ಳುತ್ತಾರೆ. ಪರೀಕ್ಷೆ ಸುಲಭವಾದದ್ದು ಒಳ್ಳೆಯದೇ. ಆದರೆ ವರದಿ ಕೈಸೇರಿದ್ದಕ್ಕೂ ಮಾತ್ರೆ ಬದಲಾದದ್ದಕ್ಕೂ ನಡುವೆ ನಡೆಯಬೇಕಾದ ವಿಚಾರಣೆ ನಮ್ಮಲ್ಲಿ ನಡೆಯುತ್ತಿಲ್ಲ ಎಂಬುದು ಬಹಳ ವರ್ಷಗಳಿಂದ ಈ ಮಾತ್ರೆ ನುಂಗುತ್ತಿರುವ ನನ್ನ ತಕರಾರು.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವ ಹಾರ್ಮೋನ್ ಅಲ್ಲವೆಂಬುದು ಮಾತ್ರೆ ತೆಗೆದುಕೊಳ್ಳುವ ಅನೇಕರಿಗೇ ಗೊತ್ತಿರುವುದಿಲ್ಲ. ಅದನ್ನು ಸ್ರವಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಥೈರಾಕ್ಸಿನ್, ಅಂದರೆ ಟಿ4, ಕಡಿಮೆಯಾದಾಗ ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸಿ ಥೈರಾಯ್ಡನ್ನು ಚುರುಕುಗೊಳಿಸಲು ನೋಡುತ್ತದೆ. ಟಿ4 ಸಾಕಾದಾಗ ಕೈ ಹಿಂತೆಗೆಯುತ್ತದೆ. ಹಾಗಾಗಿ ಟಿಎಸ್‌ಎಚ್ ಹೆಚ್ಚಾಗಿದೆ ಎಂದರೆ ಥೈರಾಯ್ಡ್ ಹಾರ್ಮೋನ್ ಸಾಲದು ಎಂದರ್ಥ. ಇದು ತಿಳಿಯದೆ, ವರದಿಯಲ್ಲಿ 'ಹೈ' ಎಂದು ನೋಡಿ, ಥೈರಾಯ್ಡ್ ಜಾಸ್ತಿಯಾಗಿದೆಯೆಂದು ಮಾತ್ರೆಯನ್ನೇ ಅರ್ಧ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಇನ್ನೊಂದು ಸಂಗತಿಯೂ ಇದೆ. ಈ ಎರಡರ ಸಂಬಂಧ ಸರಳ ಗುಣಾಕಾರದ್ದಲ್ಲ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಏರಬಲ್ಲದು. ಆದ್ದರಿಂದ ಟಿಎಸ್‌ಎಚ್ 4ರಿಂದ 8ಕ್ಕೆ ಹೋದದ್ದು ನೋಡಲು ದುಪ್ಪಟ್ಟಾದರೂ ಹಾರ್ಮೋನಿನಲ್ಲಿ ಆಗಿರುವ ಕೊರತೆ ಸಣ್ಣದೇ ಇರಬಹುದು. ಅಂಕಿ ಕಂಡು ಗಾಬರಿಯಾಗುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬಸವನಗುಡಿಯಲ್ಲಿರುವ ನನ್ನ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಬಹಳ ಕಾಲ 75 ಮೈಕ್ರೋಗ್ರಾಂ ಮಾತ್ರೆಯಲ್ಲಿ ನೆಮ್ಮದಿಯಾಗಿದ್ದ ಅವರ ಟಿಎಸ್‌ಎಚ್ ಕಳೆದ ವರ್ಷ ಇದ್ದಕ್ಕಿದ್ದಂತೆ 8 ದಾಟಿತು. ವರದಿಯ ಜೊತೆಗೇ ಸಿಗುವ ಉಚಿತ ಫೋನ್ ಸಲಹೆಯಲ್ಲಿ ಯಾರೋ 100ಕ್ಕೆ ಏರಿಸಿ ಎಂದರು. ಚಿಕ್ಕಮ್ಮ ಒಪ್ಪದೆ ತಾವು ಮೊದಲಿಂದ ತೋರಿಸಿಕೊಳ್ಳುತ್ತಿದ್ದ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರ, ಬಳಿಗೇ ಹೋದರು, ಜೊತೆಗೆ ನಾನೂ ಇದ್ದೆ. ಅವರು ವರದಿಯನ್ನು ಮೇಜಿನ ಮೇಲಿಟ್ಟು, "ಬೆಳಿಗ್ಗೆ ಎದ್ದ ಮೇಲೆ ಏನೇನು ತಗೋತೀರಮ್ಮಾ, ಒಂದೊಂದಾಗಿ ಹೇಳಿ" ಎಂದರು. ಚಿಕ್ಕಮ್ಮ ಹೇಳಿದರು: ಐದೂವರೆಗೆ ಏಳುವುದು, ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ಮೂಳೆ ಡಾಕ್ಟರು ಕೊಟ್ಟ ಕ್ಯಾಲ್ಸಿಯಂ, ಆಮೇಲೆ ಕಾಫಿ. "ಎರಡೂ ಒಟ್ಟಿಗೇ ಯಾಕೆ?" ಎಂದಾಗ, "ಮರೆತುಹೋಗಬಾರದು ಅಂತ ಎರಡೂ ಡಬ್ಬಿ ಡಿಕಾಕ್ಷನ್ ಫಿಲ್ಟರ್ ಪಕ್ಕದಲ್ಲೇ ಇಟ್ಟಿದೀನಿ ಡಾಕ್ಟ್ರೇ" ಎಂದರು. ವೈದ್ಯರು ಥೈರಾಯ್ಡ್ ಮಾತ್ರೆಯನ್ನು ಮುಟ್ಟಲೇ ಇಲ್ಲ. ಕ್ಯಾಲ್ಸಿಯಂ ರಾತ್ರಿ ಊಟದ ನಂತರಕ್ಕೆ ಹೋಯಿತು, ಕಾಫಿ ಒಂದು ಗಂಟೆ ಮುಂದಕ್ಕೆ ಹೋಯಿತು. ಎರಡು ತಿಂಗಳ ನಂತರದ ಪರೀಕ್ಷೆಯಲ್ಲಿ ಟಿಎಸ್‌ಎಚ್ 3ರ ಆಸುಪಾಸಿಗೆ ಬಂದಿತ್ತು, ಅದೇ 75ರಲ್ಲಿ. ಒಂದು ವೇಳೆ 100ಕ್ಕೆ ಏರಿಸಿ, ಮುಂದೆ ಎಂದೋ ಕ್ಯಾಲ್ಸಿಯಂ ನಿಂತಿದ್ದರೆ, ಆ 100 ಪೂರ್ತಿ ರಕ್ತಕ್ಕೆ ಸೇರಿ ಎದೆಬಡಿತ ಶುರುವಾಗುತ್ತಿತ್ತೇನೋ.

ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು ಲೆವೊಥೈರಾಕ್ಸಿನ್, ಅಂದರೆ ನಮ್ಮ ಥೈರಾಯ್ಡ್ ಮಾತ್ರೆ, ಕರುಳಿನಲ್ಲಿ ಹೀರಿಕೆಯಾಗುವುದನ್ನು ತಡೆಯುತ್ತವೆ. ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಗ್ಯಾಸ್ಟ್ರಿಕ್ ಎಂದು ದಿನವೂ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳೂ ಹೊಟ್ಟೆಯ ಆಮ್ಲವನ್ನು ತಗ್ಗಿಸಿ ಅದೇ ಪರಿಣಾಮ ಬೀರಬಹುದು. ಕಾಫಿಯೂ ಇದಕ್ಕೆ ಹೊರತಲ್ಲ. ಬೆಳಗಿನ ಕಾಫಿಯನ್ನು ಮುಂದೂಡುವುದು ಈ ಊರಿನಲ್ಲಿ ಎಷ್ಟು ದೊಡ್ಡ ತ್ಯಾಗವೆಂದು ನನಗೆ ಗೊತ್ತಿದೆ. ಆಗದವರು ವೈದ್ಯರನ್ನು ಕೇಳಿ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಮಾತ್ರೆ ತೆಗೆದುಕೊಳ್ಳಬಹುದು, ಹತ್ತು ಗಂಟೆಗೆ ಊಟಕ್ಕೆ ಕೂರುವ ಮನೆಗಳಲ್ಲಿ ಅದು ನಡೆಯುವ ಮಾತಲ್ಲವಾದರೂ.

ಹೀರಿಕೆಯ ತೊಂದರೆ ನಿಜವಾದ ಕೊರತೆಯನ್ನೇ ಉಂಟುಮಾಡುತ್ತದೆ. ಕೂದಲಿಗೆಂದು ನುಂಗುವ ಬಯೊಟಿನ್ ಎಂಬ ವಿಟಮಿನ್ ಮಾಡುವುದು ಬೇರೆಯ ಕಿತಾಪತಿ, ಅದು ದೇಹವನ್ನು ಬಿಟ್ಟು ಪರೀಕ್ಷೆಯನ್ನೇ ಕೆಡಿಸುತ್ತದೆ. ಬೆಂಗಳೂರಿನಲ್ಲಿ ಕೂದಲು ಉದುರಿದರೆ ಮೊದಲು ಬೋರ್‌ವೆಲ್ ನೀರನ್ನು ಬೈಯುತ್ತೇವೆ, ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಬಯೊಟಿನ್ ತರುತ್ತೇವೆ. ಕೂದಲು ಉದುರುವುದು ಥೈರಾಯ್ಡ್ ಕೊರತೆಯ ಲಕ್ಷಣವೂ ಆಗಿರುವುದರಿಂದ ಒಬ್ಬರೇ ಎರಡನ್ನೂ ನುಂಗುತ್ತಿರುವುದು ಅಪರೂಪವೇನಲ್ಲ. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಹಲವು ವಿಧಾನಗಳಲ್ಲಿ ಹೆಚ್ಚಿನ ಬಯೊಟಿನ್ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಅನ್ನು ಹೆಚ್ಚಾಗಿಯೂ ತೋರಿಸುತ್ತದೆ. ಆ ವರದಿ ನಂಬಿ ಮಾತ್ರೆ ಇಳಿಸಿದರೆ ಇದ್ದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕೆಂದು ರಕ್ತ ತೆಗೆಯಲು ಬಂದ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಪ್ರಮಾಣ ಬದಲಿಸಲೇಬೇಕಾಗಿ ಬಂದರೆ ನಮ್ಮ ಜನರಿಗೆ ಕಷ್ಟವಾಗುವುದು ಕಾಯುವುದು. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಇವತ್ತಿನಿಂದ ಹೊಸ ಪ್ರಮಾಣ ಶುರುಮಾಡಿದರೂ ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಐದಾರು ವಾರ ಹಿಡಿಯುತ್ತದೆ, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಇನ್ನೂ ಸ್ವಲ್ಪ ಸಮಯ ಬೇಕು. ಆರರಿಂದ ಎಂಟು ವಾರಗಳ ನಂತರ ಪರೀಕ್ಷಿಸಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಮೂರನೆಯ ವಾರದಲ್ಲೇ ರಿಯಾಯಿತಿ ಪ್ಯಾಕೇಜ್ ಸಿಕ್ಕಿತೆಂದು ಪರೀಕ್ಷೆ ಮಾಡಿಸಿ, ಇನ್ನೂ ಇಳಿದಿಲ್ಲವೆಂದು ಮತ್ತೊಂದು ಮೆಟ್ಟಿಲು ಏರಿಸಿದರೆ, ಎರಡು ಏರಿಕೆಗಳ ಪರಿಣಾಮ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. ಮೆಟ್ಟಿಲೂ ಸಾಮಾನ್ಯವಾಗಿ ಚಿಕ್ಕದು, 12.5 ಅಥವಾ 25 ಮೈಕ್ರೋಗ್ರಾಂ. ನಮ್ಮಲ್ಲಿ 62.5, 88 ಎಂಬ ಮಾತ್ರೆಗಳೂ ಸಿಗುವುದರಿಂದ ಸಣ್ಣ ಹೊಂದಾಣಿಕೆ ಕಷ್ಟವಲ್ಲ. ಕೆಲವು ವೈದ್ಯರು ವಾರದಲ್ಲಿ ಐದು ದಿನ 75, ಎರಡು ದಿನ 100 ಎಂದು ಬರೆಯುತ್ತಾರೆ. ಸರಾಸರಿ ದಿನಕ್ಕೆ 82 ಮೈಕ್ರೋಗ್ರಾಂ ಆಗುತ್ತದೆ. ಔಷಧ ರಕ್ತದಲ್ಲಿ ನಿಧಾನವಾಗಿ ಇಳಿಯುವ ಸ್ವಭಾವದ್ದಾದ್ದರಿಂದಲೇ ಈ ವಾರದ ಲೆಕ್ಕ ನಡೆಯುತ್ತದೆ. ಮಾತ್ರೆಯ ಕಂಪನಿ ಬದಲಾದಾಗಲೂ ಆರು ವಾರದ ನಂತರ ಒಮ್ಮೆ ಪರೀಕ್ಷಿಸುವುದು ಕ್ಷೇಮ.

ಕಾಯಬಾರದ ಸಂದರ್ಭವೂ ಒಂದಿದೆ, ಅದು ಗರ್ಭಧಾರಣೆ. ಗರ್ಭಿಣಿಗೆ ಥೈರಾಕ್ಸಿನ್ ಅಗತ್ಯ ಮೊದಲ ವಾರಗಳಲ್ಲೇ ಏರುತ್ತದೆ, ಮಗುವಿನ ಸ್ವಂತ ಗ್ರಂಥಿ ಇನ್ನೂ ಕೆಲಸ ಶುರುಮಾಡಿರುವುದಿಲ್ಲ. ಮೊದಲಿಂದ ಮಾತ್ರೆಯಲ್ಲಿರುವವರಿಗೆ ಪ್ರಮಾಣವನ್ನು ಕಾಲು ಭಾಗದಿಂದ ಮೂವತ್ತು ಶೇಕಡದಷ್ಟು ಏರಿಸುವುದು, ಅಂದರೆ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ವೈದ್ಯರಲ್ಲಿ ರೂಢಿಯಲ್ಲಿರುವ ಕ್ರಮ. ಮೊದಲಾರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ನಡೆಯುತ್ತದೆ. ಮಗು ಬೇಕೆಂದುಕೊಂಡಿರುವ ಹೆಣ್ಣುಮಕ್ಕಳು ಇದನ್ನು ಮುಂಚಿತವಾಗಿಯೇ ವೈದ್ಯರೊಂದಿಗೆ ಮಾತನಾಡಿಕೊಂಡಿರಬೇಕು.

ವಯಸ್ಸಾದವರಲ್ಲಿ ಅವಸರದ ಅಪಾಯ ಇನ್ನೂ ಹೆಚ್ಚು. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ 4ರಿಂದ 6ರವರೆಗಿದ್ದರೂ ಅನೇಕ ತಜ್ಞರು ಒಪ್ಪುತ್ತಾರೆ, ಆದರೆ ಪ್ರಯೋಗಾಲಯದ ವರದಿ ಮೂವತ್ತರ ಯುವತಿಗೂ ಎಂಬತ್ತರ ಅಜ್ಜನಿಗೂ ಸಾಮಾನ್ಯವಾಗಿ ಒಂದೇ ಗೆರೆ ಎಳೆಯುತ್ತದೆ. ಆ ಗೆರೆಯೊಳಕ್ಕೆ ತರಲೇಬೇಕೆಂದು ಮಾತ್ರೆ ಏರಿಸುತ್ತಾ ಹೋಗಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿದರೆ ಹೃದಯದ ಲಯ ತಪ್ಪುವ, ಮೂಳೆ ಸವೆಯುವ ಸಾಧ್ಯತೆ ಹೆಚ್ಚುತ್ತದೆ. ಸುಸ್ತಿನ ಕಾರಣಕ್ಕೆ ಮಾತ್ರೆ ಏರಿಸಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಟಿಎಸ್‌ಎಚ್ ಸರಿಯಿದ್ದೂ ಸುಸ್ತಾಗುತ್ತಿದ್ದರೆ ರಕ್ತಹೀನತೆ, ಬಿ12 ಕೊರತೆ, ನಿದ್ದೆ, ಮನಸ್ಸು ಇವನ್ನೆಲ್ಲ ನೋಡಬೇಕು. ದಿನಕ್ಕೆ ಮೂರು ಗಂಟೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂರುವವರ ಸುಸ್ತನ್ನು ಯಾವ ಮೈಕ್ರೋಗ್ರಾಂ ಕೂಡ ಇಳಿಸದು. ಹಾಗೆಂದು "ರಿಪೋರ್ಟ್ ನಾರ್ಮಲ್, ನಿಮಗೇನೂ ಆಗಿಲ್ಲ" ಎಂದು ಎರಡು ನಿಮಿಷದಲ್ಲಿ ಕಳುಹಿಸಿಬಿಡುವ ವೈದ್ಯರ ಬಗ್ಗೆಯೂ ನನಗೆ ಅಷ್ಟೇ ಅಸಮಾಧಾನವಿದೆ. ಇಂಗ್ಲೆಂಡಿನ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ ಒಬ್ಬ ಮಹಿಳೆಗೆ ಚಿಕಿತ್ಸೆ ನೀಡಿದಾಗ ಟಿಎಸ್‌ಎಚ್ ಪರೀಕ್ಷೆ ಎಂಬುದೇ ಇರಲಿಲ್ಲ. ಆಕೆಯ ಮುಖ, ಮಾತು, ಚರ್ಮ, ನಡಿಗೆ ನೋಡಿಕೊಂಡೇ ಮುಂದುವರಿಯಬೇಕಿತ್ತು, ಆಕೆ ಮತ್ತೆ 28 ವರ್ಷ ಬದುಕಿದ್ದರು. ಅಂಕಿ ಸಿಕ್ಕ ಮೇಲೆ ಮುಖ ನೋಡುವುದನ್ನು ಬಿಡಬೇಕೆಂದು ಯಾರೂ ಹೇಳಿಲ್ಲ.

ಮನೆಗೆ ಬಂದು ರಕ್ತ ತೆಗೆಯುವ ಹುಡುಗ ಈಗ ಕೇಳುವುದು "ಖಾಲಿ ಹೊಟ್ಟೇಲಿದೀರಾ ಮೇಡಂ?" ಎಂಬ ಒಂದೇ ಪ್ರಶ್ನೆ. ಟಿಎಸ್‌ಎಚ್‌ಗೆ ಆ ಪ್ರಶ್ನೆ ಅಷ್ಟು ಮುಖ್ಯವೂ ಅಲ್ಲ. ಈಗಿನ ಪ್ರಮಾಣ ಎಷ್ಟು, ಅದು ಎಂದಿನಿಂದ, ಇವತ್ತಿನ ಮಾತ್ರೆ ರಕ್ತ ಕೊಡುವ ಮೊದಲೇ ನುಂಗಿದ್ದೀರಾ, ಕ್ಯಾಲ್ಸಿಯಂ, ಕಬ್ಬಿಣ, ಬಯೊಟಿನ್ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿ ಬರೆದುಕೊಂಡು ವರದಿಯ ತಲೆಯ ಮೇಲೆ ಅಚ್ಚು ಹಾಕಿದರೆ, ಫೋನಿನಲ್ಲಿ ವರದಿ ನೋಡುವ ವೈದ್ಯರಿಗೂ ಅಂಕಿಯ ಜೊತೆ ಮನುಷ್ಯ ಕಾಣುತ್ತಾನೆ. ಪ್ರಯೋಗಾಲಯಗಳು ಇದನ್ನು ಮಾಡುವವರೆಗೆ ನಾನು ರಕ್ತ ಕೊಡುವ ದಿನವೇ ಈ ವಿವರಗಳನ್ನು ಚೀಟಿಯಲ್ಲಿ ಬರೆದಿಟ್ಟು, ವರದಿ ಬಂದ ಕೂಡಲೇ ಎರಡರ ಫೋಟೋವನ್ನೂ ಒಟ್ಟಿಗೆ ವೈದ್ಯರಿಗೆ ಕಳುಹಿಸುತ್ತಿದ್ದೇನೆ. ಅವರು ಈಗ ಚೀಟಿಯನ್ನೇ ಮೊದಲು ಕೇಳುತ್ತಾರೆ.