ಛೇದ ಬೇರೆಯಾದಾಗ ಯಾವ ದಾರಿ ಹಿಡಿಯಬೇಕು?

ಭಿನ್ನರಾಶಿ ಕೂಡುವುದಕ್ಕೆ ಕನ್ನಡ ಶಾಲೆಯಲ್ಲಿ ನಾವು ಕಲಿತದ್ದು ಒಂದೇ ದಾರಿ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್ಲ ಛೇದಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆ, ಛೇದ ಒಂದೇ ಮಾಡು, ಅಂಶ ಕೂಡು. ಈಗ ನಾನಿರುವ ದೇಶದಲ್ಲಿ ಮಗಳಿಗೆ ಮೊದಲು ಪಟ್ಟಿ ಬರೆಸಿದರು. ಒಂದೇ ಉದ್ದದ ಎರಡು ಪಟ್ಟಿ, ಒಂದರಲ್ಲಿ 1/2, ಇನ್ನೊಂದರಲ್ಲಿ 1/3. ಎರಡನ್ನೂ ಆರಾರು ಸಮಭಾಗ ಮಾಡಿದರೆ ಅರ್ಧದಲ್ಲಿ ಮೂರು ತುಂಡು, ಮೂರನೇ ಒಂದರಲ್ಲಿ ಎರಡು. ಒಟ್ಟು 5/6. ತುಂಡುಗಳು ಒಂದೇ ಅಳತೆಯವು ಆಗದೆ ಎಣಿಸಲಾಗದು ಅನ್ನೋದು ಕಣ್ಣಿಗೇ ಕಾಣುತ್ತದೆ.

ಈ ಶುರು ನನಗೆ ತುಂಬಾ ಹಿಡಿಸಿತು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಎಂದು ಬರೆಯುವ ಮಕ್ಕಳು ಎಲ್ಲ ಕಡೆ ಇದ್ದಾರೆ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅದು ಕಡಿಮೆ ಆಗುವುದುಂಟಾ? ಪಟ್ಟಿ ಬರೆದ ಮಗು ಇದನ್ನು ತಾನೇ ಹಿಡಿಯುತ್ತದೆ.

ಆದರೆ ಪಟ್ಟಿಯಾದ ಮೇಲೆ ಇಲ್ಲಿ ನೇರ ಅಡ್ಡ ಗುಣಾಕಾರಕ್ಕೆ ಹೋದರು: ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ಕೂಡು, ಕೆಳಗೆ ಛೇದಗಳ ಗುಣಲಬ್ಧ ಬರೆ. ಗೆರೆ ಎಳೆದಾಗ ಚಿಟ್ಟೆಯಂತೆ ಕಾಣುತ್ತದೆ, ಮಕ್ಕಳಿಗೆ ಇಷ್ಟ. 3/7 ಮತ್ತು 2/9 ಆದರೆ ಸರಿ, 27 ಮತ್ತು 14 ಕೂಡಿ 41/63. ಇಲ್ಲಿ ಲ.ಸಾ.ಅ. ಕೂಡ 63. ಆದರೆ 1/6, 3/8, 5/12 ಕೊಡಿ ನೋಡೋಣ. ಛೇದಗಳನ್ನೆಲ್ಲ ಗುಣಿಸುತ್ತಾ ಹೋದರೆ 552/576 ಬರುತ್ತದೆ, ಆಮೇಲೆ ಅದನ್ನು ಸಂಕ್ಷೇಪಿಸುವ ಕೆಲಸ ಬೇರೆ. ಲ.ಸಾ.ಅ. 24 ಹಿಡಿದರೆ 4, 9, 10 ಕೂಡಿ 23/24. ಮುಗಿಯಿತು.

ಎರಡೂ ಹಳೆಯ ದಾರಿಗಳೇ. ಒಂದರ ಅಂಶ, ಛೇದಗಳನ್ನು ಇನ್ನೊಂದರ ಛೇದದಿಂದ ಗುಣಿಸುವುದನ್ನು 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಹೇಳಿದ್ದ. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಲ.ಸಾ.ಅ. ಹಿಡಿದು ಕೂಡುವ ನಿಯಮ ಕೊಟ್ಟ. ದೊಡ್ಡ ಸಂಖ್ಯೆಗಳ ಗೋಜು ತಪ್ಪಿಸಿದ ಆ ಹೆಜ್ಜೆಯನ್ನು ಬಿಟ್ಟು ಮಕ್ಕಳನ್ನು ಹಿಂದಕ್ಕೆ ಯಾಕೆ ಕಳಿಸಬೇಕು?

ಹಾಗಾಗಿ ಪಟ್ಟಿ ಮೊದಲು, ಲ.ಸಾ.ಅ. ಆಮೇಲೆ, ಚಿಟ್ಟೆ ಕೊನೆಗೆ ಇರಲಿ ಅಂತೀನಿ. ನಮ್ಮ ಶಾಲೆಗಳು ಪಟ್ಟಿಗೆ ಇನ್ನೂ ಜಾಸ್ತಿ ಹೊತ್ತು ಕೊಡಬೇಕು, ಇಲ್ಲಿಯವರು ಲ.ಸಾ.ಅ.ಗೆ. ಜೊತೆಗೆ, ಲೆಕ್ಕ ಶುರು ಮಾಡುವ ಮೊದಲೇ ಉತ್ತರ ಒಂದಕ್ಕಿಂತ ಜಾಸ್ತಿಯೋ ಕಡಿಮೆಯೋ ಎಂದು ಮಗುವನ್ನು ಕೇಳಿ. 5/12, 7/18 ಎರಡೂ ಅರ್ಧಕ್ಕಿಂತ ಕಡಿಮೆ. ಮೊತ್ತ ಒಂದನ್ನು ದಾಟುವುದಿಲ್ಲ ಎಂದು ಪೆನ್ಸಿಲ್ ಹಿಡಿಯುವ ಮುಂಚೆಯೇ ಹೇಳಬಹುದು, ಅಲ್ವಾ?