ಅಂಗಡಿಯಲ್ಲೇ ಇಲ್ಲದ ಹಾಡನ್ನು ಜನ ಮರೆತರು ಅನ್ನಬೇಡಿ

ಈಗಷ್ಟೇ ಒಂದು ಪಟ್ಟಿ ಕಣ್ಣಿಗೆ ಬಿತ್ತು, ಫ್ರೆಂಚ್ ರ‍್ಯಾಪ್ ಕೇಳಲು ಶುರುಮಾಡುವವರಿಗೆ ಅಂತ. ಹದಿನೈದು ಹೆಸರಿವೆ, ಫ್ರೆಂಚ್ ರ‍್ಯಾಪರ್ ಎಂಸಿ ಸೋಲಾರ್ ಇಲ್ಲ. ಕೆಳಗೆ ಯಾರೋ ಕೇಳಿದ್ದಕ್ಕೆ ಉತ್ತರ: "ಅವರ ಕಾಲ ಮುಗೀತು, ಜನ ಮರೆತರು." ಓದಿ ಮೈ ಉರಿಯಿತು.

ಜನ ಮರೆಯಲಿಲ್ಲ. ಹಾಡುಗಳೇ ಸಿಗುತ್ತಿರಲಿಲ್ಲ.

ಸೋಲಾರ್ ಹುಟ್ಟಿದ್ದು 1969ರಲ್ಲಿ, ಸೆನೆಗಲ್‌ನ ಡಕಾರ್‌ನಲ್ಲಿ. ಅಪ್ಪ ಅಮ್ಮ ಚಾಡ್ ದೇಶದವರು. ಬೆಳೆದದ್ದು ಪ್ಯಾರಿಸ್‌ನ ಹೊರವಲಯದಲ್ಲಿ. 1991ರಲ್ಲಿ 'ಬೂಜ್ ದ ಲಾ' ಬಂತು. ಹೋದಲ್ಲೆಲ್ಲ "ಅಲ್ಲಿಂದ ಜರುಗು" ಅನ್ನಿಸಿಕೊಳ್ಳುವವನ ಹಾಡು. ಫ್ರೆಂಚ್‌ನಲ್ಲಿ ರ‍್ಯಾಪ್ ಹಾಡಿ ಮನೆಮನೆಯ ರೇಡಿಯೊದಲ್ಲಿ ಕೇಳಿಸಬಹುದು ಅಂತ ತೋರಿಸಿದ್ದು ಅದು. ಅದೂ ಕಾನೂನಿನ ಬಲವಿಲ್ಲದೆ: ರೇಡಿಯೊಗಳು 40% ಫ್ರೆಂಚ್ ಹಾಡು ಹಾಕಲೇಬೇಕೆಂಬ ಕಾನೂನು ಜಾರಿಗೆ ಬಂದದ್ದು 1996ರಲ್ಲಿ, ಅದಾಗಿ ಐದು ವರ್ಷದ ಮೇಲೆ.

'ಕರೋಲಿನ್' ಹಾಡಿನ ಒಂದೇ ಸಾಲು ನೋಡಿ. "ನಿನ್ನ ಎದೆಗೆ ಚುಚ್ಚುವ ಕಳಾವರ್ ಎಕ್ಕ ನಾನು, ಕರೋಲಿನ್" ಅನ್ನುತ್ತಾರೆ. ಫ್ರೆಂಚ್‌ನಲ್ಲಿ 'ತ್ರೆಫ್ಲ್' ಕಳಾವರ್. ಚುಚ್ಚು ಅನ್ನುವ 'ಪೀಕ್' ಇಸ್ಪೀಟೂ ಹೌದು. ಎದೆ ಅನ್ನುವ ಮಾತೇ ಆಟೀನು. ಉಳಿದದ್ದು ಡೈಮನ್, ಅದಕ್ಕೆ ಅವರು 'ಕಾರೋ' ಅನ್ನುತ್ತಾರೆ. ಅದು ಹುಡುಗಿಯ ಹೆಸರಿನೊಳಗೇ ಕೂತಿದೆ. ಇಸ್ಪೀಟಿನ ನಾಲ್ಕೂ ಜಾತಿ ಒಂದು ಸಾಲಲ್ಲಿ, ಪ್ರೇಮದ ಮಾತು ಎಲ್ಲೂ ತೊಡರದೆ! 1994ರ 'ಪ್ರೋಸ್ ಕೋಂಬಾ' ಆಲ್ಬಮ್‌ನ ತುಂಬ ಇಂಥ ಕೈಚಳಕವೇ. ಅದರ 'ನೂವೊ ವೆಸ್ಟರ್ನ್'ಗೆ ಫ್ರೆಂಚ್ ಗಾಯಕ ಸರ್ಜ್ ಗೇನ್ಸ್‌ಬೂರ್ ಅವರ ಹಳೆಯ 'ಬಾನಿ ಆ್ಯಂಡ್ ಕ್ಲೈಡ್' ಹಾಡಿನ ತುಣುಕನ್ನೇ ಸುತ್ತುಸುತ್ತಾಗಿ ಜೋಡಿಸಿದ್ದಾರೆ.

ಇಷ್ಟೆಲ್ಲ ಎಲ್ಲಿ ಹೋಯಿತು? ರೆಕಾರ್ಡ್ ಕಂಪನಿ ಪಾಲಿಡೋರ್ ಜೊತೆ ಜಗಳ ಹತ್ತಿತು. ಒಟ್ಟಿಗೆ ಬರಬೇಕಿದ್ದ ಹಾಡುಗಳನ್ನು ಕಂಪನಿ 1997ರಲ್ಲೊಂದು, 1998ರಲ್ಲೊಂದು ಆಲ್ಬಮ್ ಮಾಡಿ ಬಿಟ್ಟಿತು. ವ್ಯಾಜ್ಯ ಕೋರ್ಟಿಗೆ ಹೋಯಿತು. ಕೊನೆಗೆ ಮೊದಲ ನಾಲ್ಕೂ ಆಲ್ಬಮ್‌ಗಳು ಮಾರಾಟದಿಂದಲೇ ಹೊರಗುಳಿದವು. ಹೊಸ ಸಿಡಿ ಅಚ್ಚಾಗಲಿಲ್ಲ. ಜನ ಫೋನಿನಲ್ಲಿ ಹಾಡು ಕೇಳುವ ಕಾಲ ಬಂದಾಗ ಆ ನಾಲ್ಕು ಆಲ್ಬಮ್ ಅಲ್ಲಿಗೂ ಬರಲಿಲ್ಲ. ಬೇಕಾದವರು ಹಳೇ ಸಿಡಿ ಹುಡುಕಿಕೊಂಡು ಅಲೆಯಬೇಕಿತ್ತು. 2001ರ ನಂತರದ ಸೋಲಾರ್ ಮಾತ್ರ ಸಿಗುತ್ತಿದ್ದರು. ಹೊಸಬರಿಗೆ ಗೊತ್ತಿದ್ದದ್ದು 'ಲಾ ಬೆಲ್ ಎ ಲೆ ಬ್ಯಾಡ್ ಬಾಯ್' ಒಂದೇ, ಅದೂ ಅಮೆರಿಕದ ಟಿವಿ ಧಾರಾವಾಹಿ 'ಸೆಕ್ಸ್ ಆ್ಯಂಡ್ ದಿ ಸಿಟಿ'ಯ ಕೊನೆಯ ಕಂತಿನಲ್ಲಿ ಬಂದದ್ದಕ್ಕೆ. ಅಡಿಪಾಯವನ್ನೇ ಇಪ್ಪತ್ತು ವರ್ಷ ಮುಚ್ಚಿಟ್ಟು, ಮನೆ ಕಟ್ಟಿದವರು ಯಾರೂ ಅಲ್ಲ ಅಂದರೆ ಹೇಗೆ?

ಅವರದ್ದು ಮೆದು, ಎನ್‌ಟಿಎಂ, ಐಎಎಂ ಎಂಬ ಫ್ರೆಂಚ್ ರ‍್ಯಾಪ್ ತಂಡಗಳ ಕಿಚ್ಚು ಅವರಲ್ಲಿಲ್ಲ, ಅದಕ್ಕೇ ಉಳಿಯಲಿಲ್ಲ ಅನ್ನುವವರಿದ್ದಾರೆ. 'ಲಾ ಕೋಂಕುಬೀನ್ ದ ಲೆಮೊಗ್ಲೊಬೀನ್' ಕೇಳಿದವರು ಹಾಗನ್ನಲಾರರು. ಯುದ್ಧದ ಮೇಲಿನ ಅಷ್ಟು ಕಹಿಯನ್ನು ದನಿ ಏರಿಸದೆ ಹೇಳುವುದು ಕೂಗುವುದಕ್ಕಿಂತ ಕಷ್ಟ. ಇನ್ನು ಕಾಲ ಮುಗಿದ ಮಾತು: 2017ರ ಅವರ 'ಜಿಯೊಪೊಯೆಟೀಕ್' ಆಲ್ಬಮ್ ಮರುವರ್ಷವೇ ಫ್ರಾನ್ಸ್‌ನ ವಿಕ್ತ್ವಾರ್ ಸಂಗೀತ ಪ್ರಶಸ್ತಿ ಗೆದ್ದಿತು.

2021ರಿಂದ ಆ ಹಳೆಯ ಆಲ್ಬಮ್‌ಗಳು ಒಂದೊಂದಾಗಿ ಮತ್ತೆ ಬಂದಿವೆ. ದಯವಿಟ್ಟು ಮೊದಲು 'ಪ್ರೋಸ್ ಕೋಂಬಾ' ಕೇಳಿ, ಹಾಡಿನ ಮಾತುಗಳನ್ನು ಎದುರಿಗಿಟ್ಟುಕೊಂಡು. ಆಮೇಲೆ 1991ರ 'ಬೂಜ್ ದ ಲಾ'ಗೆ ಹೋಗಿ. ಪಟ್ಟಿಯನ್ನು ಅದಾದ ಮೇಲೆ ಬರೆಯಿರಿ.